ಹಿಂದಕ್ಕೆ ಜಾರದ ಸೀಟು

ಮೊನ್ನೆ ಸೊಸೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದಳು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಹಳೆಯ ಸೀರೆಗಳ ವಾಸನೆ, ನನಗೆ ಮಾತ್ರ ಮೋಟರ್ ಸೈಕಲ್ಲಿನ ವಾಸನೆ. ಕಂಬಳಿಗಳ ಅಡಿಯಲ್ಲಿ ಚರ್ಮ ಹೊದಿಸಿದ ಮೊಳದುದ್ದದ ಒಂದು ದಿಂಡು ಇತ್ತು.

"ಇದೇನ್ರಿ ಮಾಮಾ, ಒಗದ್ ಬಿಡ್ಲೇನು?" ಎಂದಳು.

ಇರಲಿ ಎಂದೆ. ಈ ವಯಸ್ಸಿನಲ್ಲಿ ಒಂದು ವಸ್ತುವನ್ನು ಎಸೆಯುವುದಕ್ಕೂ ಶಕ್ತಿ ಬೇಕಾಗುತ್ತದೆ...

ಎಪ್ಪತ್ತರ ದಶಕದಲ್ಲಿ ವಿಜಾಪುರದ ಟಾಂಗಾ ಸ್ಟ್ಯಾಂಡಿನ ಹಿಂದೆ ನನ್ನದು ಗಾದಿ ಹೊಲಿಯುವ ಅಂಗಡಿ, ನಮ್ಮಪ್ಪನಿಂದ ಬಂದದ್ದು. ಪಕ್ಕದಲ್ಲಿ ಮಿಸ್ತ್ರಿಯ ಗ್ಯಾರೇಜು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಇಡೀ ಪೇಟೆ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿತ್ತು. ಗಾಡಿ ಓಣಿ ತಿರುಗುವ ಮೊದಲೇ ಸಪ್ಪಳ ಕೇಳಿ ರೋಗ ಹೇಳುತ್ತಿದ್ದರು.

ರವಿವಾರ ಮುಂಜಾನೆ ತಿಕೋಟಾ ರಸ್ತೆಯಲ್ಲಿ ಮೋಟರ್ ಸೈಕಲ್ ಶರ್ಯತ್ತು ನಡೆಯುತ್ತಿತ್ತು. ತಿಕೋಟಾ ಕಡೆಗೆ ಒಂದು ಬಸ್ಸು ಹೋಗಿ, ಅತ್ತಲಿಂದ ಇನ್ನೊಂದು ಬರುವುದರೊಳಗೆ ಮುಗಿಸಬೇಕು. ಫರ್ಲಾಂಗ್ ಕಲ್ಲಿನ ಹತ್ತಿರ ಇಬ್ಬರು ನಿಲ್ಲುವುದು, ಟವೆಲ್ ಕೆಳಗೆ ಬಿದ್ದ ಕೂಡಲೇ ಹೊರಡುವುದು, ಎರಡು ಫರ್ಲಾಂಗ್ ಆಚೆಯ ಕಲ್ಲು ಮೊದಲು ದಾಟಿದವನು ಗೆದ್ದಂತೆ. ಇಷ್ಟಕ್ಕೆ ಊರ ಮಂದಿ ಚಹಾ ಬಿಟ್ಟು ಬರುತ್ತಿದ್ದರು. ಮಿಸ್ತ್ರಿ ತಮ್ಮ ಹಳೆಯ ಗಾಡಿಯ ದೀಪ, ಮಡ್‌ಗಾರ್ಡು ಎಲ್ಲ ಕಿತ್ತು ಅದರ ಎಲುಬಷ್ಟೇ ಉಳಿಸಿದ್ದರು. ಪೆಟ್ರೋಲಿಗೆ ನುಸಿಗುಳಿಗೆ ಪುಡಿ ಮಾಡಿ ಹಾಕುತ್ತಿದ್ದರು. ಅದರಿಂದ ಏನಾಗುತ್ತಿತ್ತೋ ದೇವರೇ ಬಲ್ಲ, ವಾಸನೆಯಂತೂ ಶರ್ಯತ್ತು ಮುಗಿದ ಮೇಲೂ ರಸ್ತೆಯಲ್ಲಿ ನಿಂತಿರುತ್ತಿತ್ತು.

ಒಂದು ದಿನ ಅಂಗಡಿಗೆ ಬಂದು ಅಂಗೈ ತೋರಿಸಿದರು. ಎರಡೂ ಕೈಯ ಚರ್ಮ ಸುಲಿದಿತ್ತು.

"ಗಾಡಿ ನನ್ನ ಬಿಟ್ಟು ಓಡಾಕತೈತಿ ತಮ್ಮಾ. ಎಕ್ಸಲೇಟರ್ ತಿರುವಿದ್ರ ಹಿಂದಕ್ಕ ಜಾರತೇನಿ. ಅದಕ್ಕ ಇನ್ನೂ ತಾಕತ್ತ ಐತಿ, ನನಗ ಇಲ್ಲ. ಜಾರಲಾರದಂಗ ಒಂದ ಸೀಟ ಹೊಲಿ."

ಟಾಂಗಾದ ಹಿಂದೆ ಕುಳಿತವರು ರಸ್ತೆಗೆ ಜಾರಬಾರದೆಂದು ನಾವು ಗಾದಿಯ ಅಂಚು ಎತ್ತರಿಸಿ ಹೊಲಿಯುತ್ತಿದ್ದೆವು. ಜಾರಬಾರದು, ಅಷ್ಟೇ ನಮಗೆ ಗೊತ್ತಿದ್ದ ವಿದ್ಯೆ. ಬಿಜ್ಜರಗಿಯ ಕುರಿಯುಣ್ಣೆಯ ಕಂಬಳಿಯನ್ನು ಕಲ್ಲಿನಂತೆ ಬಿಗಿದು ದಿಂಡಾಗಿ ಸುತ್ತಿ, ಚರ್ಮ ಹೊದಿಸಿ, ಅವರ ಸೊಂಟಕ್ಕೆ ಹಿಂದಿನಿಂದ ಒತ್ತುವಂತೆ ಸೀಟಿಗೆ ಹೊಲಿದು ಕೂರಿಸಿದೆ. ಆ ರವಿವಾರ ಮಿಸ್ತ್ರಿ ಒಂದಿಂಚೂ ಜಾರಲಿಲ್ಲ. ಎದುರಾಳಿಯನ್ನು ಧೂಳಿನಲ್ಲಿ ಬಿಟ್ಟು ಹೋದರು. ಎಲ್ಲರೂ ಸೀಟು ಮುಟ್ಟಿ ನೋಡಿದರು, ನನಗೆ ಕೋಡು ಮೂಡಿತು. ಹರೆಯದವರು ನಮಗೂ ಅಂಥದೇ ಬೇಕೆಂದು ಅಂಗಡಿಗೆ ಬರತೊಡಗಿದರು.

ತಿಂಗಳೊಪ್ಪತ್ತಿನಲ್ಲಿ ಮಿಸ್ತ್ರಿಯ ಕುತ್ತಿಗೆ ಹಿಡಿಯಿತು. ಯಾರಾದರೂ ಕರೆದರೆ ಮೈಯನ್ನೇ ತಿರುಗಿಸುತ್ತಿದ್ದರು. ಒಂದು ಸಂಜೆ ಅವರ ಕೈಯಿಂದ ನಟ್ಟು ಬಿಚ್ಚುವ ಪಾನಾ ತಾನಾಗಿ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

ಅವರ ಹೆಂಡತಿಯನ್ನು ನಾನು ಭಾಬಿ ಎನ್ನುತ್ತಿದ್ದೆ. ಬಬಲೇಶ್ವರದವನೊಬ್ಬ ಹೊಸ ಗಾಡಿ ತಂದು ಸವಾಲು ಹಾಕಿದ ವಾರ ಭಾಬಿ ಅಂಗಡಿಯ ಬಾಗಿಲಿಗೆ ಬಂದರು.

"ಇನ್ನೊಂದ ಸಲ ಜರ್ಕ್ ಬಿದ್ರ ಕೈ ಹೋಗ್ತಾವ ಅಂತ ಡಾಕ್ಟರು ಹೇಳ್ಯಾರ. ನನ್ನ ಮಾತ ಕೇಳವಲ್ರು. ಆ ಸೀಟಾದ್ರೂ ಬಿಚ್ಚಪ್ಪಾ ನೀನು. ಸೀಟ ಇಲ್ಲಂದ್ರ ಅವರು ಹತ್ತೂದಿಲ್ಲ."

ಹೂಂ ಎಂದೆ. ಶನಿವಾರ ಗ್ಯಾರೇಜಿನಲ್ಲಿ ಯಾರೂ ಇಲ್ಲದಾಗ ಕತ್ತರಿ ಹಿಡಿದು ಹೋದೆ ಕೂಡ. ಹೊಲಿಗೆ ನೋಡಿದೆ. ಎಷ್ಟು ಚೆಂದ ಹೊಲಿದಿದ್ದೆ... ನಾಳೆ ಬಬಲೇಶ್ವರದ ಮಂದಿಯೆಲ್ಲ ಅದನ್ನು ನೋಡುತ್ತಾರೆ ಅನ್ನಿಸಿತು. ಸುಳ್ಳೇಕೆ ಹೇಳಲಿ, ಅದೊಂದೇ ಅನ್ನಿಸಿತು. ಕತ್ತರಿ ಜೇಬಿಗೆ ಹಾಕಿಕೊಂಡು ಬಂದೆ.

ಮರುದಿನ ಟವೆಲ್ ಬಿತ್ತು. ಗಾಡಿ ಚಿಮ್ಮಿದ ಹೊಡೆತಕ್ಕೆ ಮಿಸ್ತ್ರಿಯ ತಲೆ ಹಿಂದಕ್ಕೆ ಬಿದ್ದದ್ದು ಕಂಡೆ. ಸೊಂಟ ಅಲುಗಲಿಲ್ಲ, ನನ್ನ ದಿಂಡು ಬಿಡಲಿಲ್ಲ. ಕಲ್ಲು ಮೊದಲು ದಾಟಿದವರು ಅವರೇ. ಆದರೆ ಅಲ್ಲಿ ನಿಲ್ಲಲಿಲ್ಲ. ಬ್ರೇಕು ಹಿಡಿಯದೆ ಮುಂದೆ ಹೋಗಿ, ರಸ್ತೆ ಬಿಟ್ಟು ಎರೆಹೊಲಕ್ಕೆ ಇಳಿದು, ಚಕ್ರ ಹೂತು ನಿಂತರು. ನಾವು ಓಡಿದೆವು. ಬಿದ್ದಿರಲಿಲ್ಲ, ಹಾಗೆಯೇ ಕೂತಿದ್ದರು. ಹ್ಯಾಂಡಲ್ ಹಿಡಿದ ಬೆರಳುಗಳನ್ನು ಒಂದೊಂದಾಗಿ ನಾವೇ ಬಿಡಿಸಬೇಕಾಯಿತು.

"ನನ್ನ ಕೈ ಎಲ್ಲಿ ಅದಾವು?" ಎಂದು ಕೇಳಿದರು.

ಎಡಗೈ ಅಷ್ಟಿಷ್ಟು ಸ್ವಾಧೀನಕ್ಕೆ ಬಂತು, ಬಲಗೈ ಬರಲಿಲ್ಲ. ಆಮೇಲೆ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತು ಸಪ್ಪಳ ಕೇಳಿ ಹೇಳುವುದಷ್ಟೇ, ಗಾಡಿ ಬಿಚ್ಚುವವರು ಬೇರೆ. ಭಾಬಿ ನನ್ನೊಂದಿಗೆ ಮಾತು ಬಿಟ್ಟರು. ಒಳ್ಳೆಯದೇ ಮಾಡಿದರು.

ಬೇಸಿಗೆಯಲ್ಲೊಂದು ಮಧ್ಯಾಹ್ನ ಮಿಸ್ತ್ರಿ ಎಡ ಕಂಕುಳಲ್ಲಿ ಆ ದಿಂಡನ್ನು ಅವುಚಿಕೊಂಡು ಬಂದರು. ನನ್ನ ಮುಂದಿಟ್ಟು, ಗಾಡಿಯ ರೋಗ ಹೇಳುವ ದನಿಯಲ್ಲೇ ಹೇಳಿದರು:

"ತಪ್ಪ ಎಲ್ಲಿತ್ತಂತ ಸಿಕ್ತ ತಮ್ಮಾ. ಮೊದಲ ಜಾರತಿದ್ನಲ್ಲಾ, ಆ ಜಾರೂದರಾಗ ಅರ್ಧಾ ಜರ್ಕ್ ಹೋಗತಿತ್ತು. ಜಾರೂದ ನಿಂತ್ ಮ್ಯಾಲ ಎಲ್ಲಾ ಕುತ್ತಿಗಿಗೆ ಬಂತು. ನಾವಿಬ್ಬರೂ ತಿಳೀಲಿಲ್ಲ, ಏನ್ ಮಾಡೂದು."

ನಾವಿಬ್ಬರೂ ಎಂದರು. ಭಾಬಿ ನನ್ನ ಹತ್ತಿರ ಬಂದದ್ದು, ನಾನು ಕತ್ತರಿ ಹಿಡಿದು ಹೋದದ್ದು, ಅವರಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಚಹಾ ತರಿಸಲೇನ್ರಿ ಎಂದು ಕೇಳಿದೆ. ಲೋಟ ಹಿಡಿಯಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಅವರು ಹೋಗಿ ಎಷ್ಟೋ ವರ್ಷವಾಯಿತು. ಭಾಬಿಯೂ ಇಲ್ಲ. ಇನ್ನು ಹೇಳಬೇಕೆಂದರೂ ಕೇಳುವವರಿಲ್ಲ...

ಸೊಸೆ ಟ್ರಂಕು ಮುಚ್ಚಿ ಅಡುಗೆಮನೆಗೆ ಹೋದ ಮೇಲೆ, ಹೊರಗೇ ಉಳಿದಿದ್ದ ದಿಂಡನ್ನು ತೊಡೆಯ ಮೇಲಿಟ್ಟುಕೊಂಡೆ. ಹೊಲಿಗೆ ಇನ್ನೂ ಗಟ್ಟಿಯಾಗಿಯೇ ಇತ್ತು. ಕತ್ತರಿ ತರಿಸಿಕೊಂಡು, ಒಂದೊಂದೇ ಹೊಲಿಗೆ ಬಿಚ್ಚಿದೆ. ಅವಳು ಒಲೆಯ ಮೇಲಿಟ್ಟ ಚಹಾ ಕುದಿಯುವುದರೊಳಗೆ ಪೂರ್ತಿ ಬಿಚ್ಚಿ ಮುಗಿದಿತ್ತು.