ಬಾಗಿಲಿಲ್ಲದ ಕಡೆ ಇಟ್ಟ ಎಡೆ

ಪುಟ್ಟಿ, ಚಿನ್ನು, ಗ್ರೀಸ್ ದೇಶದಲ್ಲಿ ಈ ಅಜ್ಜಿ ನಿಮ್ಮನ್ನೆಲ್ಲ ಮರದ ಕಡೆಗೆ ಬೆನ್ನು ಮಾಡಿ ಯಾಕೆ ನಿಲ್ಲಿಸಿದಳು ಎಂದು ಆವತ್ತು ಕೇಳಿದಿರಿ. ಅಷ್ಟು ಜನರ ನಡುವೆ ಬಿಡಿಸಿ ಹೇಳಲು ನಾಚಿಕೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಪಿರಿಯಾಪಟ್ಟಣದಲ್ಲಿ ನಿಮ್ಮಪ್ಪನ ಪೇಂಟ್ ಅಂಗಡಿಯ ವ್ಯಾಪಾರ ಚೆನ್ನಾಗಿ ನಡೆದದ್ದಕ್ಕೆ ಕಂಪನಿಯವರು ಕೊಟ್ಟ ಪ್ರವಾಸ ಅದು. ಅತ್ತೆಯಾದ ನನ್ನನ್ನೂ ನಿಮ್ಮಪ್ಪ ಬಿಡದೆ ಕರೆದುಕೊಂಡು ಹೋದರು. ಆ ದಿನಗಳ ನಡುವೆಯೇ ಮಹಾಲಯ ಅಮಾವಾಸ್ಯೆ ಬಿತ್ತು. ಪ್ರತಿ ವರ್ಷ ಆ ದಿನ ತೀರಿಕೊಂಡ ನಿಮ್ಮ ತಾತನಿಗೆ ಇಷ್ಟವಾದದ್ದೆಲ್ಲ ಮಾಡಿ ಎಡೆ ಇಡುತ್ತೇನೆ. ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ನಾವು ನೋಡುತ್ತಿದ್ದರೆ ಹಿರಿಯರು ಬಂದು ಉಣ್ಣುವುದಿಲ್ಲ. ಅದಾಗುವವರೆಗೆ ನಾನು ಏನೂ ತಿನ್ನುವುದಿಲ್ಲ.

"ಬಿಳಿಕೆರೆ ಮನೇಲಿ ಚಿಕ್ಕಪ್ಪ ಎಡೆ ಇಕ್ತಾರೆ ಬುಡವ್ವ," ಎಂದಿದ್ದಳು ನಿಮ್ಮಮ್ಮ. ನನ್ನ ಮೈದುನ ಇಡುತ್ತಾನೆ, ಸರಿ. ಆದರೆ ಇಷ್ಟು ವರ್ಷ ನನ್ನ ಕೈಯಿಂದಲೇ ಉಂಡವರು ಈ ಸಲ ಎಲ್ಲಿಗೆ ಬರುತ್ತಾರೆ? ಬಿಳಿಕೆರೆಗೋ, ನಾನಿರುವಲ್ಲಿಗೋ? ಬದುಕಿದ್ದಾಗ ಧರ್ಮಸ್ಥಳ ದಾಟಿ ಹೋದವರಲ್ಲ, ದಾರಿ ಹೇಗೆ ಗೊತ್ತಾಗಬೇಕು? ಹಾಗೆಂದು ನಾನು ಉಂಡುಬಿಟ್ಟು, ಅವರು ಹುಡುಕಿಕೊಂಡು ಬಂದು ಹಸಿದು ಹಿಂದಿರುಗಿದರೆ?

ಅಮಾವಾಸ್ಯೆಯ ಬೆಳಿಗ್ಗೆ ಅಥೆನ್ಸ್‌ನ ಗುಡ್ಡದ ಮೇಲಿನ ಹಳೆಯ ಗುಡಿಗೆ ಹೋದೆವು. ಮೆಟ್ಟಿಲ ಬಳಿಯೇ ಚಪ್ಪಲಿ ಬಿಟ್ಟೆ. ಕಾವಲಿನ ಹೆಂಗಸು ಏನೋ ಕೂಗಿ ಚಪ್ಪಲಿ ತೋರಿಸಿದಳು. ಹಾಕಿಕೋ ಎಂದಳೋ, ಕಳ್ಳರಿದ್ದಾರೆ ಎಂದಳೋ ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ಹತ್ತಿದೆ. ಮೇಲೆ ಬರೀ ಕಂಬಗಳು. ಸೂರಿಲ್ಲ, ಬಾಗಿಲಿಲ್ಲ, ಒಳಗೆ ದೇವರೂ ಇಲ್ಲ. ಕೈ ಮುಗಿಯಬೇಕೋ ಬೇಡವೋ?

"ಇಲ್ಲಿ ದೇವ್ರಿಲ್ಲ ಕಣತ್ತೆ, ಟಿಕೆಟ್ ಒಂದೇ ಇರೋದು," ಎಂದು ನಿಮ್ಮಪ್ಪ ನಕ್ಕರು. ಅರ್ಧ ಎತ್ತಿದ ಕೈಯನ್ನು ಹಾಗೇ ಇಳಿಸಿದೆ.

ಮಧ್ಯಾಹ್ನ ಗುಡ್ಡದ ಕೆಳಗಿನ ಹೋಟೆಲಿನಲ್ಲಿ ಮೇಜು ತುಂಬ ಊಟ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಸೌತೆಕಾಯಿ ಹಾಕಿದ ಗಟ್ಟಿ ಮೊಸರು, ಬದನೆಕಾಯಿ ಜೊತೆ ಬೇಯಿಸಿದ, ಕೊಚ್ಚಿದ ಮಾಂಸದ ಕೈಮ. ಚಿನ್ನು, ನೀನು ಆಲಿವ್ ಕಾಯನ್ನು ನೇರಳೆಹಣ್ಣೆಂದು ಬಾಯಿಗೆ ಹಾಕಿ ಉಗಿದೆ. ನಾನು ಏನನ್ನೂ ಮುಟ್ಟಲಿಲ್ಲ.

"ಯಾಕವ್ವ, ವಾಸ್ನೆ ಆಗಾಕಿಲ್ವಾ?" ಎಂದಳು ನಿಮ್ಮಮ್ಮ.

"ಇವತ್ತು ಅಮಾಸೆ ಕಣವ್ವ. ಅವ್ರು ಉಣ್ಣದೆ ನಾನೆಂಗೆ ಉಣ್ಲಿ?"

ನಿಮ್ಮಮ್ಮ ಹೋಟೆಲಿನವನನ್ನು ಕರೆದಳು. ಆಮೇಲೆ ಎಲ್ಲದರಲ್ಲೂ ಒಂದಿಷ್ಟು ಕಟ್ಟಿಸಿಕೊಂಡಳು. "ನಡಿ, ಇಲ್ಲೇ ಇಕ್ಬುಡಾನ."

ರಸ್ತೆ ಬದಿಯ ಆಲಿವ್ ಮರದ ಬುಡದಲ್ಲಿ ಕಾಗದದ ತಟ್ಟೆ ಇಟ್ಟು ಬಡಿಸಿದೆ. ಕೈಮ ಮೊದಲು, ನಿಮ್ಮ ತಾತನಿಗೆ ಅದೆಂದರೆ ಪ್ರಾಣ. ಧೂಪವಿರಲಿಲ್ಲ. ಬಾಗಿಲನ್ನಾದರೂ ಎಲ್ಲಿಂದ ತರುವುದು? ಕೊನೆಗೆ ತೋಚಿದ್ದು, ಎಲ್ಲರೂ ಬೆನ್ನು ತಿರುಗಿಸಿ ನಿಲ್ಲುವುದು. ನಾವು ಸಾಲಾಗಿ ನಿಂತು ನೋಡುವುದನ್ನು ಕಂಡು ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ತಾವೂ ನಿಂತು ಅತ್ತಲೇ ನೋಡಿದರು. ಅಲ್ಲಿ ನಿಂತ ಕಾರೊಂದು ಬಿಟ್ಟರೆ ಬೇರೇನೂ ಇರಲಿಲ್ಲ.

ತಿರುಗಿದಾಗ ಕೈಮ ಖಾಲಿ. ಅನ್ನ ಹಾಗೇ ಇತ್ತು. ಗೋಡೆಯ ಮೇಲೊಂದು ಬೆಕ್ಕು ಮೂತಿ ನೆಕ್ಕುತ್ತಿತ್ತು. ಕೊಂಬೆಯಲ್ಲಿ ಒಂದು ಕಾಗೆ, ಅದೂ ನಮ್ಮ ಕಡೆಯ ಕಾಗೆಯಂತಲ್ಲ, ತಲೆ ರೆಕ್ಕೆ ಕಪ್ಪು, ಮೈಯೆಲ್ಲ ಬೂದಿ ಬಣ್ಣ.

"ಬೆಕ್ಕು ಕಣವ್ವ," ಎಂದಳು ನಿಮ್ಮಮ್ಮ.

"ಏ, ಕಾಗೇನೇ ಕಣೆ," ಎಂದರು ನಿಮ್ಮಪ್ಪ. "ಮಾವ ಕೈಮ ಬುಟ್ಟು ಬ್ಯಾರೇದು ಮೊದ್ಲು ಮುಟ್ಟಿದ್ದು ನೋಡಿದ್ದೀಯಾ?"

ನಾನು ಉಂಡೆ. ಮೊಸರು ಚೆನ್ನಾಗಿತ್ತು. ಸಂಜೆ ಬಿಳಿಕೆರೆಗೆ ಫೋನ್ ಮಾಡಿದರೆ ಮೈದುನ ಖುಷಿಯಲ್ಲಿದ್ದ. "ಇಕ್ಕಿದ್ದೇ ತಡ ಕಣತ್ಗೆ, ಕಾಗೆ ಬಂದ್ಬುಡ್ತು!"

ಹಾಗಾದರೆ ಅವರು ಉಂಡದ್ದೆಲ್ಲಿ? ಅಲ್ಲಿಯೋ, ಇಲ್ಲಿಯೋ, ಎರಡೂ ಕಡೆಯೋ? ಇಲ್ಲಿ ಉಂಡದ್ದು ಬರೀ ಬೆಕ್ಕೋ? ಇವತ್ತಿಗೂ ನನಗೆ ಬಗೆಹರಿದಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು?

ಮುಂದೆ ನನಗೆ ಎಡೆ ಇಡುವವರು ನೀವೇ. ಬಾಗಿಲಿಲ್ಲದ ಕಡೆ ಆ ದಿನ ಬಂದರೆ ಅಜ್ಜಿ ಹೀಗೆ ಮಾಡಿದ್ದಳು ಎಂದು ಗೊತ್ತಿರಲಿ. ಸರಿಯೋ ತಪ್ಪೋ ನೀವೇ ಯೋಚಿಸಿ. ಅಲ್ಲಿಯವರೆಗೆ ಈ ಹಾಳೆಗಳು ಅಮ್ಮನ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿರಲಿ. ಕಳೆಯಬೇಡಿ ಮಕ್ಕಳೇ.