ನಂಬಿಕಸ್ಥರ ಪಟ್ಟಿಯಲ್ಲಿದ್ದ ಕೊಲ್ಹಾಪುರದವರು

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ಗೋಕುಲ ರಸ್ತೆಯ ಒಂದು ಪಂಪ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇಡೀ ಆಫೀಸಿನ ಇ-ಮೇಲ್ ಹಾದುಹೋಗುವ ಸರ್ವರ್ ನನ್ನ ಮೇಜಿನ ಕೆಳಗೇ ಗುಂಯ್‌ಗುಡುತ್ತಿತ್ತು. ಆಗ ಸ್ಪ್ಯಾಮ್ ಹಾವಳಿ ಹೇಳತೀರದು. ಔಷಧಿ, ಲಾಟರಿ, ಕೈಗಡಿಯಾರ ಅಂತ ಕಸದ ಮೇಲ್‌ಗಳು ಬಂದು ಬೀಳುತ್ತಿದ್ದವು. ಅವನ್ನು ಸೋಸಲು ಒಂದು ಫಿಲ್ಟರ್ ಹಾಕಿದೆ.

ಅದೇ ವಾರ ಖರೀದಿ ವಿಭಾಗದ ಹಿರಿಯರು ನನ್ನ ಕೋಣೆಗೆ ಬಂದರು.

“ಏನ್ ಮಾಡೀರಿ ಬಾಯಾರ? ಕೊಲ್ಹಾಪುರದಾಗಿನ ನಮ್ಮ ದೋಸ್ತ ಮೇಲ್ ಕಳಿಸೇನಿ ಅಂತಾನ, ನನಗ ಒಂದೂ ಮುಟ್ಟಿಲ್ಲ.”

ಆ ದೋಸ್ತ ನಮಗೆ ಎರಕದ ಬಿಡಿಭಾಗ ಕಳಿಸುವ ವ್ಯಾಪಾರಿ. ವರ್ಷಗಟ್ಟಲೆ ಫೋನಿನಲ್ಲಿ ಮರಾಠಿಯಲ್ಲಿ ಹರಟಿ ಬೆಳೆದ ಗೆಳೆತನ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ದರ, ರಿಯಾಯಿತಿ ಎಲ್ಲವನ್ನೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆಯುತ್ತಿದ್ದುದರಿಂದ ಫಿಲ್ಟರ್ ಅವರ ಮೇಲ್‌ಗಳನ್ನೂ ಕಸವೆಂದೇ ತಿಳಿದಿತ್ತು. ನಾನು ಅವರ ವಿಳಾಸವನ್ನು ನಂಬಿಕಸ್ಥರ ಪಟ್ಟಿಗೆ ಸೇರಿಸಿದೆ. ಆ ಪಟ್ಟಿಯಲ್ಲಿದ್ದವರ ಮೇಲ್ ಬಂದರೆ ತಪಾಸಣೆಯಿಲ್ಲದೆ ಒಳಗೆ ಬಿಡು ಎಂದು ಸರ್ವರಿಗೆ ಹೇಳಿಕೊಟ್ಟೆ.

ಮುಂದೊಂದು ಬೇಸಿಗೆಯಲ್ಲಿ ಕೊಲ್ಹಾಪುರದಿಂದ ಅವರ ಮಗ ಫೋನ್ ಮಾಡಿ, ತಂದೆ ತೀರಿಕೊಂಡರೆಂದು ತಿಳಿಸಿದರು. ಹಿರಿಯರು ಅಂದು ಊಟದ ಡಬ್ಬಿ ತೆರೆಯಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆಸಿದರು. ಪರದೆಯ ಮೇಲೆ ತೀರಿಹೋದವರ ಹೆಸರಿನ ಮೇಲ್. ‘ಬಹಳ ದಿನವಾಯಿತು. ಇದ್ದೀಯಾ?’ ಎಂಬ ಇಂಗ್ಲಿಷ್ ಸಾಲು, ಕೆಳಗೊಂದು ಫೈಲ್. ಹಿರಿಯರ ಕೈ ಮೌಸಿನ ಮೇಲೆ ಹಾಗೇ ನಿಂತಿತ್ತು.

“ಒತ್ತಬ್ಯಾಡ್ರಿ,” ಎಂದೆ. “ಅದರಾಗ ವೈರಸ್ ಐತ್ರಿ. ಪಾಕೀಟಿನ ಮ್ಯಾಲೆ ಯಾರ ಹೆಸರರ ಬರೀಬಹುದಲ್ರಿ, ಹಂಗ ಇದೂನು. ಪಟ್ಟಿಯೊಳಗ ಅವರ ಹೆಸರು ಐತಿ ಅಂತ ಸರ್ವರ್ ಒಳಗ ಬಿಟ್ಟೈತಿ. ಇವತ್ತ ತಗದ ಬಿಡ್ತೇನ್ರಿ.”

ಅವರು ಮೌಸಿನಿಂದ ಕೈ ತೆಗೆದು, “ತಗೀಲೇಬೇಕೇನ್ರಿ?” ಎಂದರು.

ತೆಗೆದೆ. ಬರೀ ಹೆಸರು ನಂಬುವುದನ್ನು ಬಿಟ್ಟು, ಮೇಲ್ ಯಾವ ಸರ್ವರಿನಿಂದ ಹೊರಟಿತೆಂದೂ ನೋಡುವಂತೆ ಉಳಿದವರ ನಿಯಮಗಳನ್ನೂ ಬದಲಿಸಿದೆ. ಅಂದಿನಿಂದ ಆ ಹೆಸರಿನ ಮೇಲ್‌ಗಳು ಕಸದ ಫೋಲ್ಡರಿಗೆ ಬೀಳತೊಡಗಿದವು. ಅದನ್ನು ದಿನಾ ಬೆಳಿಗ್ಗೆ ತೆರೆದು ನೋಡುವವಳು ನಾನೊಬ್ಬಳೇ. ಎಂದೂ ಕಾಣದ ಆ ಮನುಷ್ಯ ಈಗ ನನ್ನನ್ನೇ ಕೇಳುತ್ತಿದ್ದಂತಿತ್ತು: ಆರಾಮಿದ್ದೀಯಾ? ಉತ್ತರ ಯಾಕಿಲ್ಲ? ಯಾವುದೋ ಯಂತ್ರ ಹೊಸೆದ ಸಾಲುಗಳೆಂದು ಗೊತ್ತಿದ್ದೂ, ಓದದೆ ಅಳಿಸಲು ಮನಸ್ಸಾಗುತ್ತಿರಲಿಲ್ಲ. ಬೆಂಗೇರಿಯ ಮನೆಯಲ್ಲಿ ರೊಟ್ಟಿ ಬಡಿಯುವಾಗ ಒಂದು ಸಾಲು ನೆನಪಾಗಿ ಕೈ ತಡೆಯುತ್ತಿತ್ತು. ಮನೆಯವರಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ನಿವೃತ್ತರಾದ ಮೇಲೆ ಹಿರಿಯರು ಕೊಲ್ಹಾಪುರದ ಆ ಗೆಳೆಯನ ಮನೆಗೆ ಹೋಗಿಬಂದರು. ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಕಾಯಿಪಲ್ಯೆ ಕೊಳ್ಳುವಾಗ ನನಗೆ ಸಿಕ್ಕು, ಚೀಲ ಕೆಳಗಿಟ್ಟು ಹೇಳಿದರು: “ಹಾರ ಹಾಕಿದ ಫೋಟೋ ತೋರಿಸಿದ್ರು ನೋಡ್ರಿ. ನಾ ಅನ್ಕೊಂಡ ಮಾರೀನ ಅಲ್ಲ ಅದು, ಕಣ್ಣು ಮೂಗು ಒಂದೂ ಹೊಂದಲಿಲ್ಲ. ಯಾರೋ ಬ್ಯಾರೇದವರ ಮನಿಗೆ ಬಂದೇನೇನೋ ಅನಸ್ತು.” ಆಮೇಲೆ ದನಿ ತಗ್ಗಿಸಿ, “ಇನ್ನೂ ಬರ್ತಾವೇನ್ರಿ?” ಎಂದು ಕೇಳಿದರು.

“ಬರ್ತಾವ್ರಿ.”

“ಏನಂತಾನ?”

ಅಂದು ಬೆಳಿಗ್ಗೆ ಬಂದದ್ದರಲ್ಲಿ ಒಂದಕ್ಷರವೂ ಇರಲಿಲ್ಲ, ಹೆಸರಷ್ಟೇ. ಹಾಗೇ ಹೇಳಿದೆ. ಅವರು ತಲೆಯಾಡಿಸಿ, ಚೀಲ ಎತ್ತಿಕೊಂಡು, ಮಂದಿಯೊಳಗೆ ಸೇರಿಹೋದರು.