ಬಿಳಿ ಉಪ್ಪಿನಲ್ಲಿ ಬಂದ ಕೆಂಪು

ನಮ್ಮ ಮಕ್ಕಳಿಗೆ ರಸಾಯನಶಾಸ್ತ್ರ ಬರುವುದಿಲ್ಲ, ಬಣ್ಣ ಬರುತ್ತದೆ. ಉಪ್ಪಳದ ಹತ್ತಿರದ ಶಾಲೆಯೊಂದರಲ್ಲಿ ಇಷ್ಟು ವರ್ಷ ಪ್ಲಸ್ ಟು ತರಗತಿಗಳಿಗೆ ಪಾಠ ಮಾಡಿ ನಾನು ಕಂಡುಕೊಂಡ ಮಹಾಸತ್ಯ ಇದು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಚಿಟಿಕೆ ಉಪ್ಪು, ಅಂದರೆ ಯಾವುದೋ ಲೋಹದ ಲವಣ, ಕೊಡುತ್ತೇವೆ. ಅದರಲ್ಲಿರುವ ಲೋಹ ಯಾವುದೆಂದು ಒಂದೊಂದೇ ಪ್ರಯೋಗ ಮಾಡಿ ಹುಡುಕಬೇಕು. ಹುಡುಕುವವರು ಯಾರು? ನೀಲಿಯಾದರೆ ತಾಮ್ರ, ಹಸಿರಾದರೆ ನಿಕ್ಕಲ್, ಗುಲಾಬಿಯಾದರೆ ಕೋಬಾಲ್ಟ್, ಸಕ್ಕರೆಯ ಹಾಗೆ ಬೆಳ್ಳಗೆ ಹೊಳೆದರೆ ಸತು. ಹಿಂದಿನ ಬ್ಯಾಚಿನವರು ಮುಂದಿನವರಿಗೆ ಬಿಟ್ಟುಹೋಗುವ ಆಸ್ತಿ ಇಷ್ಟೇ. ಮೊದಲು ಉತ್ತರ ಬರೆಯುವುದು, ಆಮೇಲೆ ಗೈಡಿನಲ್ಲಿ ಬಾಯಿಪಾಠ ಮಾಡಿದ ಹಂತಗಳನ್ನು ಇಳಿಸುವುದು. ಬರ್ನರ್ ಹಚ್ಚುವುದು ಶಾಸ್ತ್ರಕ್ಕೆ.

ಬಣ್ಣವನ್ನು ನಂಬಬೇಡಿ ಎಂದು ಸಂಕ್ರಮಣ ಲೋಹಗಳ ಪಾಠದಲ್ಲಿ ನಾನು ಗಂಟಲು ಹರಿದುಕೊಂಡದ್ದೇ ಬಂತು. ನೀರಿನ ಅಣುಗಳು ಸುತ್ತುವರಿದಾಗ ಗುಲಾಬಿಯಾಗಿರುವ ಕೋಬಾಲ್ಟ್, ಗಾಢ ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ನೀಲಿ. ನೀಲಿ ಮೈಲುತುತ್ತನ್ನು ಕಾಯಿಸಿದರೆ ನೀರು ಹಾರಿಹೋಗಿ ಬಿಳಿ ಹುಡಿ. ಲೋಹ ಅದೇ, ಸುತ್ತ ಹಿಡಿದುಕೊಂಡವರು ಬದಲಾದರೆ ಬಣ್ಣವೂ ಬದಲು. ಮಾಡಿ ತೋರಿಸಿದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಪರೀಕ್ಷೆಯ ದಿನ ಮತ್ತೆ ಉಪ್ಪಿನ ಮುಖ ನೋಡಿಯೇ ಬರೆಯುತ್ತಾರೆ.

ಒಬ್ಬಳು ಮಾತ್ರ ಆ ಗುಂಪಿನವಳಲ್ಲ. ಶಿರಿಯದ ಮೀನುಗಾರರ ಮನೆಯ ಹುಡುಗಿ. "ಇದು ಎಂತಕ್ಕೆ ಹೀಗಾದದ್ದು ಟೀಚರ್?" ಎಂದು ಕೇಳದೆ ಕೈಯಲ್ಲಿದ್ದ ಟೆಸ್ಟ್ ಟ್ಯೂಬ್ ಕೆಳಗಿಡುತ್ತಿರಲಿಲ್ಲ. ಡಿಗ್ರಿಗೆ ಕೆಮಿಸ್ಟ್ರಿಯೇ ಬೇಕೆಂದು ಹಟ. ಪ್ಲಸ್ ಟುವಿನಲ್ಲಿ ಅದಕ್ಕೆ ಎ ಪ್ಲಸ್ ತಂದರೆ ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಅಪ್ಪ ಷರತ್ತು ಹಾಕಿದ್ದರು. ಇದನ್ನು ಅವಳೇ ನನಗೆ ಹೇಳಿದ್ದಳು.

ಪರೀಕ್ಷೆಯ ಹಿಂದಿನ ದಿನ ಹರತಾಳ. ಉಪ್ಪು ಕರಗಿಸಲು ಬೇಕಾದ ಡಿಸ್ಟಿಲ್ಡ್ ವಾಟರ್ ಲ್ಯಾಬಿನಲ್ಲಿ ಮುಗಿದಿತ್ತು. ನಾವು ಅದನ್ನು ತರಿಸುವುದು ಪೇಟೆಯ ಬ್ಯಾಟರಿ ಅಂಗಡಿಯಿಂದ. ಅಂಗಡಿ ಬಂದ್. ಹಿಂದಿನ ವಾರವೇ ತರಿಸಬಹುದಿತ್ತು, ನನಗೆ ಉದಾಸೀನ. ಮರುದಿನ ಬೆಳಗ್ಗೆ ಬೇಗ ಬಂದು ಶಾಲೆಯ ಬೋರ್‌ವೆಲ್ ನಳ್ಳಿಯಿಂದಲೇ ಕ್ಯಾನ್ ತುಂಬಿಸಿದೆ. ಆ ನೀರು ನೋಡಲು ತಿಳಿ, ಆದರೆ ಬಕೆಟ್ಟುಗಳಲ್ಲಿ ತುಕ್ಕಿನ ಕಲೆ ಕೂರಿಸುವಷ್ಟು ಕಬ್ಬಿಣ. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಮುಖ ನೋಡಿ ಉತ್ತರ ಬರೆಯುವ ಈ ಪಂಡಿತರಿಗೆ ಯಾವ ನೀರಾದರೇನು ಎಂದುಕೊಂಡೆ.

ಹಾಗೆಯೇ ಆಯಿತು. ಒಬ್ಬಳನ್ನು ಬಿಟ್ಟು ಎಲ್ಲರೂ ಸರಿಯುತ್ತರ ಬರೆದರು. ಬೇರೆ ಶಾಲೆಯಿಂದ ಬಂದಿದ್ದ ಪರೀಕ್ಷಕರು ಚಹಾ ಕುಡಿಯುತ್ತ ಸರಿ ಗುರುತು ಹಾಕುತ್ತಾ ಹೋದರು. ಶಿರಿಯದ ಹುಡುಗಿಗೆ ಸಿಕ್ಕಿದ್ದು ಸತುವಿನ ಬಿಳಿ ಉಪ್ಪು. ಅವಳು ಬರೆದದ್ದು ಕಬ್ಬಿಣ.

"ಎಂತ ಮಾರಾಯ್ತಿ ಇದು? ಕಬ್ಬಿಣದ ಉಪ್ಪು ಇಷ್ಟು ಬಿಳಿ ಉಂಟಾ? ಕಣ್ಣಿಲ್ವಾ ನಿನಗೆ?" ಎಂದರು ಪರೀಕ್ಷಕರು.

"ಥಯೋಸಯನೇಟ್ ಹಾಕಿದಾಗ ಕೆಂಪು ಬಂತು ಸರ್. ಬಂದದ್ದನ್ನಲ್ವಾ ಬರೆಯುವುದು?"

ಕಬ್ಬಿಣ ಇದ್ದರೆ ಕೆಂಪಾಗಿ ತೋರಿಸಿಕೊಡುವ ದ್ರಾವಣ ಅದು. ಅವಳು ಅಷ್ಟಕ್ಕೇ ಬಿಡಲಿಲ್ಲ. ಉಪ್ಪು ಹಾಕದೆ ಬರೀ ಕ್ಯಾನಿನ ನೀರನ್ನು ಬೇರೊಂದು ಟ್ಯೂಬಿಗೆ ಸುರಿದಳು. ನೈಟ್ರಿಕ್ ಆಮ್ಲದ ಹನಿ ಹಾಕಿ ಕುದಿಸಿ, ಆರಿಸಿ, ಎರಡು ಹನಿ ಥಯೋಸಯನೇಟ್ ಬಿಟ್ಟಳು. ನಮ್ಮೆಲ್ಲರ ಕಣ್ಣೆದುರೇ ನೀರು ಕೆಂಪಾಯಿತು. ನನ್ನ ಸರ್ವೀಸಿನಲ್ಲಿ ಆ ಲ್ಯಾಬಿನಲ್ಲಿ ಯಾರಾದರೂ ನಿಜವಾದ ರಸಾಯನಶಾಸ್ತ್ರ ಮಾಡಿದ್ದರೆ ಅದು ಅವತ್ತೇ. "ಸರ್, ಕಬ್ಬಿಣ ನೀರಿನಲ್ಲೇ ಉಂಟು. ಇನ್ನೊಂದು ಸಲ ಬೇರೆ ನೀರಿನಲ್ಲಿ ಮಾಡ್ಲಾ?" ಎಂದು ಕೇಳಿದಳು.

ಪರೀಕ್ಷಕರು ಗಡಿಯಾರ ನೋಡಿ, ನನ್ನ ಕಡೆ ತಿರುಗಿದರು. "ಟೀಚರೇ, ಇದು ಡಿಸ್ಟಿಲ್ಡ್ ವಾಟರೇ ಅಲ್ವಾ?"

ಅಲ್ಲ ಎಂದರೆ ಪರೀಕ್ಷೆ ನಿಲ್ಲುತ್ತದೆ, ಮೇಲಿನವರಿಗೆ ವರದಿ ಹೋಗುತ್ತದೆ, ನನ್ನ ಉದಾಸೀನ ಊರಿಗೆಲ್ಲ ಗೊತ್ತಾಗುತ್ತದೆ. "ಹೌದು ಸರ್" ಎಂದೆ.

"ಹಾಗಾದರೆ ಟ್ಯೂಬ್ ಸರಿ ತೊಳೆದಿಲ್ಲ" ಎಂದು ಅವರು ಅವಳ ಉತ್ತರದ ಮೇಲೆ ಗೀಟು ಎಳೆದರು. ಕೆಳಗೆ ನಾನು ಸಹಿ ಹಾಕಿದೆ. ಅವಳು ಟ್ಯೂಬುಗಳನ್ನು ತೊಳೆದಿಟ್ಟು ಹೋದಳು. ಬಣ್ಣ ನೋಡಿ ಬರೆದವರನ್ನು ಇಷ್ಟು ವರ್ಷ ಹೀಯಾಳಿಸಿದವಳು ನಾನು. ಅವರು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದರು, ನಾನು ಗೊತ್ತಿದ್ದದ್ದನ್ನೇ ಇಲ್ಲ ಎಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಫಲಿತಾಂಶದಲ್ಲಿ ಅವಳಿಗೆ ಕೆಮಿಸ್ಟ್ರಿಯಲ್ಲಿ ಎ ಬಂತು, ಪ್ಲಸ್ ಬರಲಿಲ್ಲ. ಟಿಸಿ ತೆಗೆದುಕೊಳ್ಳಲು ಬಂದವಳು ಸ್ಟಾಫ್ ರೂಮಿನ ಹೊರಗೆ ಸಿಕ್ಕಿದಳು. ಬಿಕಾಂಗೆ ಅರ್ಜಿ ಹಾಕಿದ್ದಾಳಂತೆ. "ಅಪ್ಪನ ಹತ್ತಿರ ನಾನು ಬಂದು ಮಾತಾಡ್ತೇನೆ" ಎಂದೆ.

"ಬೇಡ ಟೀಚರ್, ಎ ಪ್ಲಸ್ ಇಲ್ಲದಿದ್ದರೂ ಅಪ್ಪ ಕೆಮಿಸ್ಟ್ರಿಗೆ ಒಪ್ಪಿದ್ದಾರೆ. ನಾನೇ ಬೇಡ ಅಂದದ್ದು" ಎಂದಳು. ಸಿಟ್ಟೇನೂ ಇರಲಿಲ್ಲ ಆ ಮುಖದಲ್ಲಿ. "ಅಲ್ಲಿ ಕಲಿಸುವವರೂ ನಿಮ್ಮ ಹಾಗೇ ಅಲ್ವಾ ಇರುವುದು?"